ಎಂಟು ಬೈಟಿನ ಲೆಕ್ಕ

‘ಆಗ ನೆಟ್ ಬಹಳ ಸ್ಲೋ ಇತ್ತು’ ಎಂದು ನಾವು 2005ರ ನಂತರದ ಏಳೆಂಟು ವರ್ಷಗಳನ್ನು ನೆನೆಯುತ್ತೇವೆ. ನೆನಪು ಪೂರ್ತಿ ಸುಳ್ಳಲ್ಲ, ಆದರೆ ಅದು ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಲ್ಲಿ ಗಂಟು ಕಟ್ಟಿಬಿಟ್ಟಿದೆ. ದೆಹಲಿಯಲ್ಲಿ ಯಮುನೆ ದಾಟಿ ವಿಕಾಸ್ ಮಾರ್ಗದ ಮೇಲೆ ಬಂದರೆ ಸಿಗುವ ಲಕ್ಷ್ಮೀ ನಗರ ಇದಕ್ಕೆ ಒಳ್ಳೆಯ ಸಾಕ್ಷಿ. ನದಿಯ ಆ ದಡದಲ್ಲಿ, ಇಂದ್ರಪ್ರಸ್ಥ ಮಾರ್ಗದಲ್ಲಿ, ಲೆಕ್ಕಪರಿಶೋಧಕರ ಸಂಸ್ಥೆಯ ಕೇಂದ್ರ ಕಚೇರಿ. ಈ ದಡದಲ್ಲಿ ಸಿಎ ಕೋಚಿಂಗ್ ಬೋರ್ಡುಗಳು, ಪಿಜಿಗಳು, ಗಲ್ಲಿಯಲ್ಲಿ ನಿಂತು ಕತ್ತೆತ್ತಿದರೆ ಆಕಾಶಕ್ಕಿಂತ ಜಾಸ್ತಿ ಕೇಬಲ್ಲು. 2005ರಲ್ಲಿ ದೆಹಲಿ, ಮುಂಬಯಿಗಳಲ್ಲಿ ಎಂಟಿಎನ್‌ಎಲ್ ‘ಟ್ರೈಬ್ಯಾಂಡ್’ ಎಂದೂ, ನಮ್ಮ ಕರ್ನಾಟಕವೂ ಸೇರಿ ಉಳಿದ ಕಡೆ ಬಿಎಸ್‌ಎನ್‌ಎಲ್ ‘ಡೇಟಾಒನ್’ ಎಂದೂ ಹೆಸರಿಟ್ಟು ಹಳೆಯ ಫೋನ್ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಕೊಡತೊಡಗಿದವು. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಸಾಕು, ಅದು ಬ್ರಾಡ್‌ಬ್ಯಾಂಡ್. ಒಂದು ಸಂಪರ್ಕವನ್ನು ನಾಲ್ಕೈದು ಜನ ಹಂಚಿಕೊಳ್ಳುವುದು ವಾಡಿಕೆ. ಆ ಹಂಚಿಕೆಯ ಬೆನ್ನಿಗೇ ವಿಚಿತ್ರ ಲಕ್ಷಣಗಳು ಕಾಣಿಸಿಕೊಂಡವು. ಒಂದು ವೆಬ್‌ಸೈಟ್ ಸರಾಗವಾಗಿ ತೆರೆಯುತ್ತದೆ, ಇನ್ನೊಂದು ಬಿಳಿ ಹಾಳೆಯಾಗಿ ನಿಲ್ಲುತ್ತದೆ. ಎರಡು ಸಾಲಿನ ಮೇಲ್ ಬರುತ್ತದೆ, ಅಟ್ಯಾಚ್‌ಮೆಂಟ್ ಇದ್ದದ್ದು ಬರುವುದಿಲ್ಲ. ಲಾಗಿನ್ ಪುಟ ಮುಕ್ಕಾಲು ಗಂಟೆ ತಿರುಗಿದರೂ ಬರುವುದಿಲ್ಲ, ಆದರೆ ಪಿಂಗ್ ಮಾಡಿದರೆ ಉತ್ತರ ಸಲೀಸು. ಬೈಗುಳ ಬಿದ್ದದ್ದು ಕೇಬಲ್ಲಿಗೆ, ಮಳೆಗೆ, ವೈರಸ್ಸಿಗೆ, ಕೊನೆಗೆ ವಿಂಡೋಸಿಗೆ. ನಿಧಾನವಾದ ಸಂಪರ್ಕ ಎಲ್ಲರಿಗೂ ಸಮನಾಗಿ ನಿಧಾನ ಇರಬೇಕು. ಇದು ಆರಿಸಿ ಆರಿಸಿ ಕೈಕೊಡುತ್ತಿತ್ತು ಎನ್ನುವುದೇ ಇದು ವೇಗದ ಕಾಯಿಲೆಯಲ್ಲ ಎನ್ನುವುದಕ್ಕೆ ಮೊದಲ ಸುಳಿವು.

ಕಾಯಿಲೆ ಇದ್ದದ್ದು ಪ್ಯಾಕೆಟ್ಟಿನ ಅಳತೆಯಲ್ಲಿ. ಜಾಲದಲ್ಲಿ ಏನೇ ಹೋದರೂ ತುಂಡು ತುಂಡಾಗಿ ಹೋಗುತ್ತದೆ, ಒಂದೊಂದು ತುಂಡೂ ಒಂದು ಪ್ಯಾಕೆಟ್. ಪ್ರತಿಯೊಂದು ತಂತಿಗೂ, ಪ್ರತಿಯೊಂದು ಇಂಟರ್‌ಫೇಸಿಗೂ ತಾನು ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್ ಇಷ್ಟು ಎಂಬ ಮಿತಿ ಇರುತ್ತದೆ. ಅದನ್ನೇ ಎಂಟಿಯು ಎನ್ನುವುದು. ಈಥರ್ನೆಟ್ಟಿನಲ್ಲಿ ಅದು 1500 ಬೈಟು. ಈ ಸಂಖ್ಯೆಗೆ ಯಾವ ದೈವಿಕ ಮಹಿಮೆಯೂ ಇಲ್ಲ. 1980ರ ಸುಮಾರಿಗೆ ಈಥರ್ನೆಟ್ಟಿನ ನಿಯಮ ಬರೆದಾಗ ಮೆಮೊರಿ ದುಬಾರಿ, ತಂತಿ ಎಲ್ಲರಿಗೂ ಸೇರಿ ಒಂದೇ. ಒಬ್ಬ ಮಾತಾಡುತ್ತಿರುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕಾದ ವ್ಯವಸ್ಥೆಯಲ್ಲಿ ಯಾರೂ ತೀರಾ ಉದ್ದದ ಭಾಷಣ ಬಿಗಿಯಬಾರದಲ್ಲ. ಸೆಕೆಂಡಿಗೆ 10 ಮೆಗಾಬಿಟ್ಟಿನ ಆಗಿನ ತಂತಿಯಲ್ಲಿ 1500 ಬೈಟ್ ದಾಟಲು ಹಿಡಿಯುತ್ತಿದ್ದದ್ದು 1.2 ಮಿಲಿಸೆಕೆಂಡು. ಅದೇ ಪ್ಯಾಕೆಟ್ 56 ಕಿಲೋಬಿಟ್ಟಿನ ಡಯಲ್-ಅಪ್ ಮೋಡೆಮ್ಮಿನಲ್ಲಿ 214 ಮಿಲಿಸೆಕೆಂಡ್ ತಿನ್ನುತ್ತದೆ, ಅಂದರೆ ಅಷ್ಟು ಹೊತ್ತು ಹಿಂದಿನ ಪ್ಯಾಕೆಟ್ಟುಗಳೆಲ್ಲ ಸರತಿಯಲ್ಲಿ ನಿಂತಿರಬೇಕು. ಡಯಲ್-ಅಪ್ ಕಾಲದಲ್ಲಿ 576ರ ಮಿತಿ ಇಟ್ಟುಕೊಳ್ಳುತ್ತಿದ್ದದ್ದು ಈ ಕಾರಣಕ್ಕೇ. ಆ 576 ಕೂಡ ಹಾಗೇ ಬಂದದ್ದಲ್ಲ: ಜಾಲದ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ಕಡತಗಳ ಪೈಕಿ 1981ರ 791ನೆಯದರಲ್ಲಿ, ಅಂದರೆ ಪ್ಯಾಕೆಟ್ಟುಗಳನ್ನು ಸಾಗಿಸುವ ಐಪಿಯ ಮೂಲ ನಿಯಮದಲ್ಲಿ, ಯಾವ ಕಂಪ್ಯೂಟರೇ ಆಗಲಿ ಕನಿಷ್ಠ ಅಷ್ಟು ದೊಡ್ಡ ಪ್ಯಾಕೆಟ್ಟನ್ನು ಸ್ವೀಕರಿಸಲೇಬೇಕು ಎಂದು ಬರೆದಿತ್ತು. ಹೀಗೆ ಒಂದೊಂದು ಮಾಧ್ಯಮಕ್ಕೂ ಅದರದೇ ನ್ಯಾಯವಾದ ಅಳತೆಯಿದೆ. ಅವೆಲ್ಲ ಒಂದೇ ಆಗಲಿ ಎಂದು ಬಯಸುವುದು ಗಲ್ಲಿಯೂ ವಿಕಾಸ್ ಮಾರ್ಗವೂ ಒಂದೇ ಅಗಲ ಇರಲಿ ಎಂದು ಬಯಸಿದಂತೆ.

ಫೋನ್ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಏನಾಯಿತೆಂದರೆ, ಗ್ರಾಹಕ ಯಾರು, ಪಾಸ್‌ವರ್ಡ್ ಸರಿಯೇ, ಬಿಲ್ಲು ಯಾರ ಹೆಸರಿಗೆ ಎಂದು ನೋಡುವುದಕ್ಕೆ ಪಿಪಿಪಿಓಇ ಎಂಬ ಒಂದು ಹೊದಿಕೆಯನ್ನು ಪ್ಯಾಕೆಟ್ಟಿಗೆ ಸುತ್ತಿದರು. 1999ರ ಆರ್‌ಎಫ್‌ಸಿ 2516ರಲ್ಲಿ ಬಂದ ಈ ಹೊದಿಕೆಯ ತೂಕ ಎಂಟು ಬೈಟು. ಈಥರ್ನೆಟ್ಟಿನ 1500ರೊಳಗೇ ಅದೂ ಹಿಡಿಸಬೇಕಾದ್ದರಿಂದ ಒಳಗಿನ ಸರಕಿಗೆ ಉಳಿದದ್ದು 1492. ಕೆಳಗಿನ ಪದರಕ್ಕೆ ಇಳಿದರೆ ಲೆಕ್ಕ ಇನ್ನೂ ಮಜವಾಗಿದೆ. ಆ ಕಾಲದ ಎಡಿಎಸ್‌ಎಲ್ ಮೋಡೆಮ್ ತನಗೆ ಸಿಕ್ಕಿದ್ದನ್ನೆಲ್ಲ ಎಟಿಎಂ ಎಂಬ ಪದ್ಧತಿಯಲ್ಲಿ 48 ಬೈಟಿನ ಚೂರುಗಳಾಗಿ ಕತ್ತರಿಸಿ, ಚೂರಿಗೊಂದು ಐದು ಬೈಟಿನ ಚೀಟಿ ಅಂಟಿಸಿ ಕಳಿಸುತ್ತಿತ್ತು. 1492ಕ್ಕೆ ಪಿಪಿಪಿಓಇಯ 8, ಈಥರ್ನೆಟ್ ಹೆಡರಿನ 14, ಎಟಿಎಂ ಹೊದಿಕೆಯ 10, ಬಾಲದ 8 ಸೇರಿಸಿದರೆ 1532. ಅದು 32 ಚೂರುಗಳಲ್ಲಿ ಕೂರುತ್ತದೆ, ನಾಲ್ಕು ಬೈಟ್ ಖಾಲಿ ಬಿಟ್ಟು. 32 ಚೂರು ಎಂದರೆ ತಂತಿಯ ಮೇಲೆ 1696 ಬೈಟು. ನೂರಕ್ಕೆ ಹನ್ನೆರಡು ಪಾಲು ದಾರಿಯ ಸುಂಕಕ್ಕೇ ಹೋಯಿತು. ಆ 48 ಎನ್ನುವ ಸಂಖ್ಯೆಯಾದರೂ ಎಲ್ಲಿಯದು? 64 ಬೇಕು ಎಂದವರಿಗೂ 32 ಸಾಕು ಎಂದವರಿಗೂ ಜಗಳವಾಗಿ, ಮಧ್ಯಕ್ಕೆ ಗೆರೆ ಎಳೆದದ್ದು. ಪಂಚಾಯಿತಿ ತೀರ್ಮಾನ ಗಣಿತದ ವೇಷ ಹಾಕಿಕೊಂಡು ಬರುವುದು ಜಾಲದ ಚರಿತ್ರೆಯಲ್ಲಿ ಹೊಸದೇನಲ್ಲ.

ಇಷ್ಟಾದರೂ ಒಬ್ಬನೇ ಇದ್ದಾಗ ಕಾಯಿಲೆ ಕಾಣುತ್ತಿರಲಿಲ್ಲ, ಹಂಚಿಕೊಂಡಾಗ ಕಾಣುತ್ತಿತ್ತು. ಇದು ನನ್ನ ವಾದಕ್ಕೆ ಮುಖ್ಯವಾದ ಸಾಕ್ಷ್ಯ. ಎರಡು ಕಂಪ್ಯೂಟರುಗಳು ಟಿಸಿಪಿಯಲ್ಲಿ ಮಾತು ಶುರುಮಾಡುವಾಗ, ‘ನನಗೆ ಇಷ್ಟಕ್ಕಿಂತ ದೊಡ್ಡ ತುತ್ತು ಕೊಡಬೇಡ’ ಎಂದು ಪರಸ್ಪರ ಹೇಳಿಕೊಳ್ಳುತ್ತವೆ. ಅದು ಎಂಎಸ್‌ಎಸ್, ಎಂಟಿಯುನಲ್ಲಿ ಹೆಡರುಗಳ 40 ಬೈಟ್ ಕಳೆದರೆ ಬರುವ ಸಂಖ್ಯೆ. ಕಂಪ್ಯೂಟರ್ ತಾನೇ ಪಿಪಿಪಿಓಇ ಡಯಲ್ ಮಾಡುತ್ತಿದ್ದಾಗ ಎಂಟು ಬೈಟಿನ ಕೊರತೆ ಅದರ ಕಣ್ಣೆದುರಿಗೇ ಇತ್ತು. ಅದು ಚಿಕ್ಕ ಸಂಖ್ಯೆಯನ್ನೇ ಹೇಳುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಅಂತೂ ಒಂದು ಕೈ ಮುಂದೆ ಹೋಗಿ ತನ್ನ ಪಿಪಿಪಿಓಇ ಸಂಪರ್ಕಕ್ಕೆ 1480 ಇಟ್ಟುಕೊಂಡಿತ್ತು. ನಾಲ್ಕು ಜನ ಹಂಚಿಕೊಳ್ಳಲೆಂದು ಡಯಲ್ ಮಾಡುವ ಕೆಲಸವನ್ನು ರೂಟರಿಗೆ ಒಪ್ಪಿಸಿದ ಮೇಲೆ ಕತೆ ತಿರುಗಿತು. ಈಗ ಕಂಪ್ಯೂಟರಿಗೆ ಕಾಣುವುದು ತನಗೂ ರೂಟರಿಗೂ ನಡುವಿನ ಈಥರ್ನೆಟ್ ಮಾತ್ರ, ಅಲ್ಲಿ 1500. ಅದು ಧಾರಾಳವಾಗಿ 1460 ಎಂದು ಘೋಷಿಸುತ್ತದೆ. ಆ ತುದಿಯ ಸರ್ವರ್ ಅದನ್ನು ನಂಬಿ 1500ರ ಪ್ಯಾಕೆಟ್ ಕಟ್ಟಿ, ‘ಒಡೆಯಬೇಡಿ’ ಎಂಬ ಗುರುತು ಹಾಕಿ ಕಳಿಸುತ್ತದೆ. ಪ್ಯಾಕೆಟ್ ಸಮುದ್ರ ದಾಟಿ ಬಂದು, ಗ್ರಾಹಕನ ಮನೆಗೆ ಕೊನೆಯ ಮೆಟ್ಟಿಲಾದ ಕಂಪನಿಯ ರೂಟರಿನಲ್ಲಿ ಎಡವುತ್ತದೆ: ಮುಂದಿನ ದಾರಿ 1492. ಹಿಡಿಸದು, ಒಡೆಯುವ ಹಾಗಿಲ್ಲ, ಬಿಸಾಡಬೇಕು. ಬಿಸಾಡಿದ ಮೇಲೆ ಆ ರೂಟರ್ ಸರ್ವರಿಗೆ, ಜಾಲದ ತೊಂದರೆಗಳನ್ನು ತಿಳಿಸುವ ಐಸಿಎಂಪಿ ಎಂಬ ಬಗೆಯ ಒಂದು ಸಂದೇಶ ಬರೆಯುತ್ತದೆ: ದೊಡ್ಡದಾಯಿತು, 1492ಕ್ಕೆ ಇಳಿಸು. 1990ರಲ್ಲಿ ಜೆಫ್ರಿ ಮೊಗಲ್ ಮತ್ತು ಸ್ಟೀವ್ ಡೀರಿಂಗ್ ಬರೆದ ಆರ್‌ಎಫ್‌ಸಿ 1191ರ ಏರ್ಪಾಟು ಇದು. ಹಳೆಯ ಸಂದೇಶದಲ್ಲಿ ಖಾಲಿ ಬಿದ್ದಿದ್ದ 16 ಬಿಟ್ಟುಗಳಲ್ಲಿ ಅಳತೆಯನ್ನೂ ಬರೆದು ಕಳಿಸಿ ಎಂದದ್ದು ಅವರ ಜಾಣತನ. ಆದರೆ ಸರ್ವರಿನ ಮುಂದೆ ಕೂತ ಫೈರ್‌ವಾಲ್ ಐಸಿಎಂಪಿ ಎಂದು ಕಂಡ ಕೂಡಲೇ ಆ ಕಾಗದವನ್ನು ಹರಿದು ಹಾಕುತ್ತದೆ. ಸರ್ವರಿಗೆ ಏನೂ ಗೊತ್ತಾಗುವುದಿಲ್ಲ. ಅದು ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ, ಮತ್ತೆ ಕಳಿಸುತ್ತದೆ. ಇತ್ತ ಬಿಳಿ ಹಾಳೆ. ಯಾವ ಸರ್ವರಿನ ಕಾವಲುಗಾರ ಕಾಗದ ಒಳಗೆ ಬಿಟ್ಟನೋ ಆ ಸೈಟ್ ತೆರೆಯಿತು, ಬಿಡದವನದು ತೆರೆಯಲಿಲ್ಲ. ಆರಿಸಿ ಆರಿಸಿ ಕೈಕೊಡುತ್ತಿದ್ದ ಗುಟ್ಟು ಇಷ್ಟೇ.

ಆದ್ದರಿಂದ ನಾನು ಹೇಳುವುದು: ಮಿತಿ ಚಿಕ್ಕದಾದದ್ದು ಅಪರಾಧವಲ್ಲ, ಚಿಕ್ಕದೆಂದು ಹೇಳುವ ಬಾಯಿಯನ್ನು ಮುಚ್ಚಿಸಿದ್ದು ಅಪರಾಧ. ಲೆಕ್ಕ ಹಾಕಿ ನೋಡಿ. 1500ರಲ್ಲಿ ಹೆಡರಿನ 40 ಬೈಟ್ ಎಂದರೆ ನೂರಕ್ಕೆ 2.67, 1492ರಲ್ಲಿ 2.68. ಸರಕಿನ ಜಾಗದಲ್ಲಿ ಆದ ಖೋತಾ ನೂರಕ್ಕೆ ಅರ್ಧ ಪಾಲು. ಯಾರಿಗೂ ಗೊತ್ತೂ ಆಗುವುದಿಲ್ಲ. ಆ ಅರ್ಧ ಪಾಲಿನ ಸುದ್ದಿ ತಲುಪದೆ ಹೋದಾಗ ಆದ ನಷ್ಟ ನೂರಕ್ಕೆ ನೂರು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಹಾಸಿಗೆ ಕಣ್ಣಿಗೆ ಕಾಣುತ್ತಿದೆ ಎಂದು ನಂಬಿ ಹೇಳಿದ್ದು. ಇಲ್ಲಿ ಹಾಸಿಗೆ ಇರುವುದು ಹತ್ತು ಮನೆಯಾಚೆ, ಕಾಲು ಚಾಚುವವನಿಗೆ ಕಾಣುವುದು ತನ್ನ ಚಾಪೆ ಮಾತ್ರ. ಬೇರೆಯವರು ಕೂಗಿ ಹೇಳದ ಹೊರತು ತಿಳಿಯುವ ದಾರಿಯಿಲ್ಲ. ಬೇಕಾದರೆ ಕೈಯಾರೆ ಪರೀಕ್ಷಿಸಬಹುದು: ಪಿಂಗ್‌ಗೆ ‘ಒಡೆಯಬೇಡ’ ಎಂದು ಹೇಳಿ 1472 ಬೈಟ್ ತುಂಬಿ ಕಳಿಸಿ, ಐಸಿಎಂಪಿ ಹೆಡರಿನ 8, ಐಪಿಯ 20 ಸೇರಿ ಸರಿಯಾಗಿ 1500. ಫೋನ್ ತಂತಿಯ ಸಂಪರ್ಕದಲ್ಲಿ ಇದು ಹೋಗುವುದಿಲ್ಲ. 1465 ಕೂಡ ಹೋಗುವುದಿಲ್ಲ. 1464 ಹೋಗುತ್ತದೆ. ಒಂದೇ ಒಂದು ಬೈಟಿನ ಅಂತರದಲ್ಲಿ ಬಾಗಿಲು ತೆರೆಯುವುದನ್ನೂ ಮುಚ್ಚುವುದನ್ನೂ ನೋಡಿದವರಿಗೆ ‘ನೆಟ್ ಸ್ಲೋ’ ಎಂಬ ಮಾತು ಎಷ್ಟು ಪೊಳ್ಳು ಎಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಮೊದಲ ಆಕ್ಷೇಪ: ದೊಡ್ಡದಾದರೆ ದಾರಿಯ ರೂಟರೇ ಒಡೆದು ಕಳಿಸಲಿ, ಅಷ್ಟು ರಗಳೆ ಯಾಕೆ? ಐಪಿಯ ನಾಲ್ಕನೇ ಆವೃತ್ತಿಯಲ್ಲಿ ಅದಕ್ಕೆ ಅವಕಾಶ ಇತ್ತು, ಈಗಲೂ ಇದೆ. ಅದರ ತೊಡಕು ತಿಳಿಯಲು ಒಂದು ರೈಲಿನ ಹೋಲಿಕೆ ನೋಡಿ. ಲಕ್ಷ್ಮೀ ನಗರಕ್ಕೆ ಹತ್ತಿರದ ಶಹದರಾದಿಂದ ಸಹಾರನ್‌ಪುರಕ್ಕೆ 1907ರಿಂದ 1970ರವರೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಚಿಕ್ಕ ರೈಲು ಓಡುತ್ತಿತ್ತು. ದೊಡ್ಡ ಹಳಿಯ ಸರಕು ಚಿಕ್ಕ ಹಳಿಗೆ ಬರಬೇಕಾದರೆ ಇಳಿಸಿ ಮತ್ತೆ ತುಂಬಬೇಕು. ಆ ಕಡೆ ಮತ್ತೆ ದೊಡ್ಡ ಹಳಿ ಸಿಕ್ಕಿದರೆ ದೊಡ್ಡ ವ್ಯಾಗನ್ನಿಗೆ ಸೇರಿಸಬಹುದು. ಐಪಿಯಲ್ಲಿ ಆ ಎರಡನೆಯ ಅರ್ಧವೇ ಇಲ್ಲ. ಒಮ್ಮೆ ಒಡೆದ ಪ್ಯಾಕೆಟ್ ಮುಂದೆ ಎಷ್ಟೇ ಅಗಲದ ದಾರಿ ಸಿಕ್ಕಿದರೂ ಒಡಕಾಗಿಯೇ ಹೋಗಿ ಕೊನೆಯ ಮನೆಯಲ್ಲೇ ಜೋಡಿಯಾಗಬೇಕು. ಚೂರುಗಳಲ್ಲಿ ಒಂದು ಕಳೆದರೆ ಉಳಿದದ್ದೆಲ್ಲ ಕಸ, ಇಡೀ ಪ್ಯಾಕೆಟ್ಟನ್ನು ಮತ್ತೆ ಕಳಿಸಬೇಕು. ಎರಡನೆಯ ಚೂರಿನ ಮೇಲೆ ಟಿಸಿಪಿಯ ವಿಳಾಸಚೀಟಿ ಇರುವುದಿಲ್ಲ, ಆದ್ದರಿಂದ ಫೈರ್‌ವಾಲಿಗೆ ಅದು ಯಾರದೆಂದೇ ತಿಳಿಯದು. ಇದನ್ನೆಲ್ಲ ಕ್ರಿಸ್ಟೋಫರ್ ಕೆಂಟ್ ಮತ್ತು ಅದೇ ಮೊಗಲ್ 1987ರಲ್ಲಿಯೇ ಒಂದು ಪ್ರಬಂಧದಲ್ಲಿ ಎಳೆಎಳೆಯಾಗಿ ಬಿಡಿಸಿ, ಒಡೆಯುವುದು ಹಾನಿಕರ ಎಂದು ತಲೆಬರಹದಲ್ಲೇ ಸಾರಿದ್ದರು. ಆರನೇ ಆವೃತ್ತಿ ಬರುವಾಗ ದಾರಿಯ ರೂಟರುಗಳಿಂದ ಒಡೆಯುವ ಹಕ್ಕನ್ನೇ ಕಿತ್ತುಕೊಂಡರು. ಹಕ್ಕು ಹೋಯಿತೆಂದರೆ ಹೇಳುವ ಹೊಣೆ ಇಮ್ಮಡಿಯಾಯಿತು ಎಂದರ್ಥ.

ಎರಡನೆಯ ಆಕ್ಷೇಪ ಭದ್ರತೆಯವರದು, ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. 1990ರ ದಶಕದ ಕೊನೆಯಲ್ಲಿ ‘ಪಿಂಗ್ ಆಫ್ ಡೆತ್’ ಎಂಬ ದಾಳಿ ನಿಜವಾಗಿ ಕಂಪ್ಯೂಟರುಗಳನ್ನು ಕೆಡವುತ್ತಿತ್ತು. ‘ಸ್ಮರ್ಫ್’ ದಾಳಿ ಸಾವಿರ ಕಂಪ್ಯೂಟರುಗಳ ಪಿಂಗ್ ಉತ್ತರವನ್ನು ಒಬ್ಬನ ತಲೆಗೆ ಸುರಿಯುತ್ತಿತ್ತು. ಐಸಿಎಂಪಿಯನ್ನೇ ಮುಚ್ಚಿಬಿಡಿ ಎಂದು ಕಾವಲುಗಾರರು ಕಲಿತದ್ದು ಆಗ. ಅವರ ಭಯ ಸಾಚಾ, ಮದ್ದು ತಪ್ಪು. ಪಿಂಗ್ ಆಫ್ ಡೆತ್ ಎಂದರೆ ಏನು? ಒಡೆದ ಚೂರುಗಳನ್ನು ಜೋಡಿಸಿದಾಗ ಐಪಿಯ 65,535 ಬೈಟಿನ ಗರಿಷ್ಠ ಮಿತಿ ಮೀರುವ ಪ್ಯಾಕೆಟ್. ದೋಷ ಇದ್ದದ್ದು ಜೋಡಿಸುವವನ ಅಳತೆ ನೋಡದ ಕೋಡಿನಲ್ಲಿ. ಅದಕ್ಕಾಗಿ, ಅಳತೆ ಸರಿಯಿಲ್ಲ ಎಂದು ಎಚ್ಚರಿಸುವ ಬೇರೊಂದು ಸಂದೇಶದ ಕುತ್ತಿಗೆ ಹಿಚುಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಪಿಂಗನ್ನು ಮುಚ್ಚಬೇಕೆಂದರೆ ಮುಚ್ಚಲಿ. ಐಸಿಎಂಪಿಯಲ್ಲಿ ಪಿಂಗ್ ಒಂದು ಬಗೆ, ‘ದೊಡ್ಡದಾಯಿತು’ ಎನ್ನುವುದು ಮತ್ತೊಂದು ಬಗೆ, ಎರಡನ್ನೂ ಬೇರ್ಪಡಿಸಿ ನಿಯಮ ಬರೆಯುವುದು ಒಂದು ಸಾಲಿನ ಕೆಲಸ. ಸುಳ್ಳು ಸಂದೇಶ ಕಳಿಸಿ ಪ್ಯಾಕೆಟ್ಟನ್ನು ಅತಿ ಚಿಕ್ಕದು ಮಾಡಿಸಬಹುದಲ್ಲ ಎಂದರೆ, ಹೌದು, ಸಾಧ್ಯ. ಆದರೆ ಸಂದೇಶದೊಳಗೆ ಬಿಸಾಡಿದ ಪ್ಯಾಕೆಟ್ಟಿನ ತಲೆಭಾಗವೂ ಇರುತ್ತದೆ, ಅದು ತಾನೇ ಕಳಿಸಿದ್ದೋ ಅಲ್ಲವೋ ಎಂದು ಸರ್ವರ್ ತಾಳೆ ನೋಡಬಹುದು. ಪ್ಯಾಕೆಟ್ಟುಗಳು ಸುದ್ದಿಯಿಲ್ಲದೆ ಮಾಯವಾಗುವ ಈ ಸ್ಥಿತಿಯನ್ನು 2000ದಲ್ಲಿ ಆರ್‌ಎಫ್‌ಸಿ 2923 ‘ಕಪ್ಪುಕುಳಿ’ ಎಂದು ಹೆಸರು ಹಿಡಿದು ವಿವರಿಸಿತ್ತು. ಲಕ್ಷ್ಮೀ ನಗರದ ಪಿಜಿಗಳಿಗೆ ಬ್ರಾಡ್‌ಬ್ಯಾಂಡ್ ಬರುವುದಕ್ಕೆ ಐದು ವರ್ಷ ಮುಂಚೆಯೇ ರೋಗವೂ ಗೊತ್ತಿತ್ತು, ಔಷಧಿಯೂ ಗೊತ್ತಿತ್ತು.

ನೆಲದ ಮೇಲೆ ಗೆದ್ದದ್ದು ಬೇರೆಯೇ ಔಷಧಿ. ರೂಟರ್, ತನ್ನ ಮೂಲಕ ಹಾದುಹೋಗುವ ಮೊದಲ ಮಾತಿನಲ್ಲೇ ಕೈಹಾಕಿ, 1460 ಎಂದಿರುವುದನ್ನು 1452 ಎಂದು ತಿದ್ದಿಬಿಡುತ್ತದೆ. ಇದಕ್ಕೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ. ಮತ್ತೊಬ್ಬರ ಕಾಗದ ಒಡೆದು ಅಂಕಿ ತಿದ್ದುವ ಪೋಸ್ಟ್‌ಮ್ಯಾನ್ ಕೆಲಸ ಇದು ಎಂದು ಮಡಿವಂತರು ಮುಖ ಸಿಂಡರಿಸಿದರು, ಅದರಲ್ಲಿ ನ್ಯಾಯವೂ ಇದೆ. ನಡುದಾರಿಯ ಪೆಟ್ಟಿಗೆ ಎರಡು ತುದಿಗಳ ಮಾತುಕತೆಗೆ ಬಾಯಿ ಹಾಕಬಾರದು ಎನ್ನುವ ತತ್ವದ ಮೇಲೆಯೇ ಜಾಲ ನಿಂತಿದೆ. ಜೊತೆಗೆ ಈ ಮದ್ದು ನಾಟುವುದು ಟಿಸಿಪಿಗೆ ಮಾತ್ರ, ಅಂಥ ಮೊದಲ ಮಾತೇ ಇಲ್ಲದ ಯುಡಿಪಿ ಎಂಬ ಇನ್ನೊಂದು ಪದ್ಧತಿಗೆ ಅಲ್ಲ. ಆದರೂ ನಾನು ಗಲ್ಲಿಯ ಕೇಬಲ್‌ವಾಲಾನ ಪಕ್ಷ. ಪ್ರಪಂಚದ ಇನ್ನೊಂದು ಮೂಲೆಯ ಫೈರ್‌ವಾಲನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಅವನ ಕೈಯಲ್ಲಿರುವುದು ಈ ರೂಟರ್, ಈ ಒಂದು ಖಾನೆ. ಲಿನಕ್ಸಿನ ಐಪಿಟೇಬಲ್ಸ್ ಕೈಪಿಡಿ ಕೂಡ ಈ ಸೌಲಭ್ಯವನ್ನು ವಿವರಿಸುವಾಗ, ಐಸಿಎಂಪಿ ತಡೆಯುವವರ ಬುದ್ಧಿಯ ಬಗ್ಗೆ ಸಾಕಷ್ಟು ಒರಟಾದ ಮಾತೊಂದನ್ನು ಸೇರಿಸಿಯೇ ಮುಂದೆ ಹೋಗುತ್ತದೆ. 1492, 1452 ಎನ್ನುವ ಎರಡು ಅಂಕಿಗಳು ಕಾರಣ ಗೊತ್ತಿಲ್ಲದವರ ಬಾಯಲ್ಲೂ ಮಗ್ಗಿಯಾದದ್ದು ಹೀಗೆ. ಕನ್ನಡದವರಿಗೆ ಇದರಲ್ಲಿ ಒಂದು ಸಣ್ಣ ತಮಾಷೆಯೂ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಒತ್ತಕ್ಷರದೊಳಗಿನ ವಿರಾಮಕ್ಕೂ ಮೂರು. ‘ಲಕ್ಷ್ಮೀ ನಗರ’ ಎಂದು ಬರೆದರೆ ಹತ್ತು ಸಂಕೇತ, ಒಂದು ಖಾಲಿ ಜಾಗ, ಒಟ್ಟು 31 ಬೈಟು; ಇಂಗ್ಲಿಷಿನಲ್ಲಿ ಹನ್ನೊಂದರಲ್ಲಿ ಮುಗಿಯುತ್ತದೆ. ಒಂದೇ ಪ್ಯಾಕೆಟ್ಟಿನಲ್ಲಿ ದಾಟಿಹೋಗುತ್ತಿದ್ದ ಇಂಗ್ಲಿಷ್ ಪುಟ ತೆರೆದು, ಅಷ್ಟೇ ವಿಷಯದ ಕನ್ನಡ ಪುಟ ಮಿತಿಗೆ ತಾಗಿ ನಿಲ್ಲುವ ಸಾಧ್ಯತೆ ಲೆಕ್ಕದ ಪ್ರಕಾರ ಇದ್ದೇ ಇತ್ತು. ಬರೀ ಕನ್ನಡ ಸಂಕೇತಗಳನ್ನೇ ತುಂಬಿದರೆ 1460 ಬೈಟಿನ ತುತ್ತು ಕೊನೆಯ ಅಕ್ಷರವನ್ನು ಮಧ್ಯಕ್ಕೆ ಸೀಳುತ್ತದೆ. 1452ರಲ್ಲಿ ಸರಿಯಾಗಿ 484 ಹಿಡಿದು ಒಂದು ಬೈಟೂ ಮಿಗುವುದಿಲ್ಲ. ಇದರಿಂದ ಯಾರಿಗೂ ಏನೂ ಲಾಭವಿಲ್ಲ, ನೆನಪಿಟ್ಟುಕೊಳ್ಳಲು ಚೆನ್ನಾಗಿದೆ ಅಷ್ಟೇ.

ಎಲ್ಲರೂ ಸೇರಿ ಚಿಕ್ಕದೊಂದು ಅಳತೆಗೆ ಒಪ್ಪಿಬಿಟ್ಟರೆ ಈ ಜಗಳವೇ ಇರುವುದಿಲ್ಲವಲ್ಲ ಎಂಬುದು ಕೊನೆಯ ಆಕ್ಷೇಪ, ಮತ್ತು ಕಾಲ ಸ್ವಲ್ಪಮಟ್ಟಿಗೆ ಅದರ ಕಡೆಗೇ ವಾಲಿದೆ. ಐಪಿಯ ಆರನೇ ಆವೃತ್ತಿ 1280ಕ್ಕಿಂತ ಕಡಿಮೆಯ ದಾರಿಯೇ ಇರಕೂಡದು ಎಂದಿತು. 2021ರಲ್ಲಿ ನಿಯಮವಾದ ಕ್ವಿಕ್ ಎಂಬ ಸಾಗಣೆ ಪದ್ಧತಿ, 1200 ಬೈಟಿನ ನನ್ನ ಮೊದಲ ಪ್ಯಾಕೆಟ್ಟನ್ನು ಹೊರಲಾರದ ದಾರಿ ನನಗೆ ಬೇಡ ಎಂದು ಶುರುವಿನಲ್ಲೇ ಹೇಳುತ್ತದೆ. 2007ರ ಆರ್‌ಎಫ್‌ಸಿ 4821 ಇನ್ನೂ ಚೆಂದದ ದಾರಿ ತೋರಿಸಿತು: ಐಸಿಎಂಪಿಯ ಕಾಗದಕ್ಕೆ ಕಾಯಬೇಡ, ದೊಡ್ಡದೊಂದು ಪ್ಯಾಕೆಟ್ ಕಳಿಸಿ ನೋಡು, ತಲುಪಿದ್ದಕ್ಕೆ ರಸೀದಿ ಬಂದರೆ ಸರಿ, ಬಾರದಿದ್ದರೆ ಇಳಿಸು. ಲಿನಕ್ಸಿನಲ್ಲಿ ಆ ಸೌಲಭ್ಯ ಬಂತು, ಆದರೆ ನಾವಾಗಿ ತೆರೆಯುವ ತನಕ ಮುಚ್ಚಿಯೇ ಇರುತ್ತದೆ. ಇವೆಲ್ಲ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ. ಹೇಳುವವರು ಸುಮ್ಮನಾದ ಮೇಲೆ ತಡಕಾಡಿ ತಿಳಿಯುವ ಕೋಲು ಇದು, ಅಷ್ಟೇ. ಒಂದೇ ಅಳತೆಗೆ ಒಪ್ಪುವುದೂ ಪೂರ್ತಿ ಪರಿಹಾರವಲ್ಲ, ಯಾಕೆಂದರೆ ಹೊದಿಕೆ ಸುತ್ತುವ ಚಟ ನಮ್ಮನ್ನು ಬಿಟ್ಟಿಲ್ಲ. 2020ರಲ್ಲಿ ಆಫೀಸು ಮನೆಗೆ ಬಂದಾಗ ಪಿಪಿಪಿಓಇಯ ಮೇಲೆ ವಿಪಿಎನ್ ಎಂಬ ಇನ್ನೊಂದು ಕಂಬಳಿ ಬಿತ್ತು. ವೈರ್‌ಗಾರ್ಡ್ ಎಂಬ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಹೊರಗಿನ ದಾರಿ ನಾಲ್ಕನೇ ಆವೃತ್ತಿಯದಾದರೆ ಅದರ ಹೊದಿಕೆ 60 ಬೈಟು. ಸೇರಿದರೆ 1480, ಬಚಾವ್. ಆರನೇ ಆವೃತ್ತಿಯದಾದರೆ 80. ಸೇರಿದರೆ 1500, ಅಂದರೆ 1492ಕ್ಕೆ ಎಂಟು ಬೈಟ್ ಹೆಚ್ಚು. ಹದಿನೈದು ವರ್ಷದ ಹಿಂದಿನ ಅದೇ ಎಂಟು.

ಫೋನ್ ತಂತಿಯ ಜಾಗಕ್ಕೆ ಲಕ್ಷ್ಮೀ ನಗರದಲ್ಲೂ ಫೈಬರ್ ಬಂದಿದೆ. ಎಟಿಎಂ ಚೂರುಗಳು ಹೋದವು, 256 ಕಿಲೋಬಿಟ್ ಹೋಯಿತು, ಗಿಗಾಬಿಟ್ ತಂತಿಯಲ್ಲಿ 1500 ಬೈಟ್ ದಾಟಲು ಈಗ ಹನ್ನೆರಡು ಮೈಕ್ರೋಸೆಕೆಂಡ್ ಸಾಕು. 1500ರ ಪೂರ್ತಿ ಅಳತೆಯನ್ನು ಪಿಪಿಪಿಓಇಯೊಳಗೂ ಹಿಡಿಸುವ ಉಪಾಯವನ್ನು 2006ರ ಆರ್‌ಎಫ್‌ಸಿ 4638 ಬರೆದಿಟ್ಟಿದೆ. ಎರಡೂ ಕಡೆಯವರು ಒಪ್ಪಿದರೆ ಆಯಿತು. ಆದರೂ ಪಾಸ್‌ವರ್ಡ್ ಕೇಳುವ ಆ ಹಳೆಯ ಹೊದಿಕೆಯನ್ನೇ ಎಷ್ಟೋ ಫೈಬರ್ ಸಂಪರ್ಕಗಳು ಹೊದ್ದುಕೊಂಡಿವೆ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬಿಳಿ ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆರೆದು ಕೆಳಗಿಳಿಯುತ್ತ ಹೋದರೆ ಎಂಟಿಯು ಎಂಬ ಒಂದು ಖಾನೆ ಸಿಗುತ್ತದೆ. ಅದರಲ್ಲಿ ಯಾರೋ ಮೊದಲೇ ತುಂಬಿಟ್ಟಿರುವುದು 1492.